ಚಪ್ಪಲಿ ಬಿಡ್ರಿ ಯವ್ವಾ

ಡಾಕ್ಟರರ ವಿಷಯದಲ್ಲಿ ನಮ್ಮ ಮನೆಯವರದು ಒಂದು ಬಗೆಯ ಮಡಿವಂತಿಕೆ ಎಂದೇ ಹೇಳಬೇಕು. ನೆಗಡಿಯಾದರೂ ಸರಿ, ಬೋರ್ಡಿನಲ್ಲಿ ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಇದೆಯೇ, ಅದರ ಮುಂದೆ ಎಂ.ಡಿ.ಯೂ ಇದೆಯೇ ಎಂದು ನೋಡಿಕೊಂಡೇ ಹೊಸಿಲು ದಾಟುವುದು. ಸಿಸ್ಟರ್ ಅಂದರೆ ಚೀಟಿ ನೋಡಿ ಹೆಸರು ಕೂಗುವವಳು, ಸೂಜಿ ಚುಚ್ಚುವವಳು, 'ಒಳಗೆ ಹೋಗಿ' ಎನ್ನುವವಳು. ಅದಕ್ಕಿಂತ ಹೆಚ್ಚಿನ ಕೆಲಸ ಆಕೆಗೆ ಇದ್ದೀತೆಂದು ನನಗೆ ಐವತ್ತು ದಾಟುವವರೆಗೂ ಹೊಳೆದಿರಲಿಲ್ಲ.

ಈ ಮಡಿಗೆ ಕಾರಣವಿತ್ತು. 1979ರಲ್ಲಿ ನಾನು ನಾಲ್ಕನೆಯ ತರಗತಿ. ಅಪ್ಪ ಬಿನ್ನಿ ಮಿಲ್ಲಿನಲ್ಲಿ ನೇಯ್ಗೆ ವಿಭಾಗದಲ್ಲಿದ್ದರು. ಈಗ ಮಾಲೂ ಎತ್ತರದ ಅಪಾರ್ಟ್‌ಮೆಂಟುಗಳೂ ನಿಂತಿರುವ ಜಾಗದಿಂದ ಆಗ ಸೈರನ್ ಕೂಗುತ್ತಿತ್ತು; ಬಿನ್ನಿಪೇಟೆಯ ಒಲೆ ಹೊತ್ತುವುದೂ ಮಕ್ಕಳು ಏಳುವುದೂ ಆ ಕೂಗಿಗೇ. ಕಾರ್ಮಿಕರಿಗೆ ಇ.ಎಸ್.ಐ. ಇತ್ತು. ಬೆಂಗಳೂರಿಗೆ ಆ ಯೋಜನೆ ಬಂದದ್ದು 1958ರಲ್ಲಿ. ಡಿಸ್ಪೆನ್ಸರಿಯ ಕೆಂಪು ಮಿಕ್ಸ್ಚರು, ಸೀಸೆಯ ಮೈಗೆ ಅಂಟಿಸಿದ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ನನ್ನ ವಯಸ್ಸಿನವರಿಗೆ ಮರೆತಿರಲಾರದು. ಆದರೆ ನನ್ನ ತಮ್ಮನಿಗೆ ಜ್ವರ ಏರಿದ್ದು ಡಿಸ್ಪೆನ್ಸರಿ ಮುಚ್ಚಿದ ಮೇಲೆ. ಬೀದಿಯ ಕೊನೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದರು. ಯಾವುದೋ ಡಾಕ್ಟರ ಹತ್ತಿರ ಹತ್ತಾರು ವರ್ಷ ಔಷಧಿ ಕಟ್ಟಿಕೊಟ್ಟು, ಡಾಕ್ಟರು ತೀರಿಕೊಂಡ ಮೇಲೆ ತಾವೇ ಒಂದು ಮೇಜು ಹಾಕಿಕೊಂಡು ಕೂತವರು. ಕೆಟ್ಟ ಮನುಷ್ಯರೆಂದು ಇಂದಿಗೂ ಹೇಳಲಾರೆ. ಅರ್ಧ ರಾತ್ರಿಯಲ್ಲಿ ಬಾಗಿಲು ಬಡಿದರೂ ಎದ್ದು ಬರುತ್ತಿದ್ದರು. ದುಡ್ಡಿಲ್ಲ ಅಂದರೆ 'ಸಂಬಳ ಆದಮೇಲೆ ಕೊಡಿ' ಅನ್ನುತ್ತಿದ್ದರು. ತಮ್ಮನಿಗೆ ಸೊಂಟದ ಕೆಳಗೆ ಒಂದು ಇಂಜೆಕ್ಷನ್ ಚುಚ್ಚಿದರು. ಜ್ವರ ಇಳಿಯಿತು. ಬೆಳಿಗ್ಗೆ ಎದ್ದ ಮಗು ಬಲಗಾಲನ್ನು ಎಳೆದುಕೊಂಡು ನಡೆಯಿತು.

ಸೂಜಿ ನರಕ್ಕೆ ತಗುಲಿದೆ ಎಂದರು ದೊಡ್ಡಾಸ್ಪತ್ರೆಯಲ್ಲಿ. ಎರಡು ವರ್ಷ ಎಣ್ಣೆ ತಿಕ್ಕಿದ್ದು, ಪಟ್ಟಿ ಕಟ್ಟಿದ್ದು, ಹರಕೆ ಹೊತ್ತದ್ದು ಎಲ್ಲ ಆಯಿತು. ಬಹುಮಟ್ಟಿಗೆ ಸರಿಹೋಯಿತು ಎನ್ನಿ. ಆದರೂ ಇವತ್ತಿಗೂ ಅವನ ಬಲಗಾಲಿನ ಚಪ್ಪಲಿ ತುದಿಯಲ್ಲಿ ಬೇಗ ಸವೆಯುತ್ತದೆ. ಅಪ್ಪ ಆವತ್ತು ಹೇಳಿದ್ದು ಒಂದೇ ಮಾತು: "ಇನ್ನು ಮೇಲೆ ಈ ಮನೆಯವರ ಮೈಯನ್ನು ಅರೆ ಡಾಕ್ಟರರ ಕೈಗೆ ಕೊಡೋದಿಲ್ಲ." ಅಪ್ಪ ಹೋದರು, ಮಿಲ್ಲೂ ಹೋಯಿತು. ಆ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಆದ್ದರಿಂದಲೇ ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಾನು ನೇರವಾಗಿ ಹೋದದ್ದು ಹೆಸರುವಾಸಿ ಸ್ಪೆಷಲಿಸ್ಟರ ಹತ್ತಿರ. ಮೂರು ತಿಂಗಳಿಗೊಮ್ಮೆ ಶಾಲೆಗೆ ಅರ್ಧ ದಿನ ರಜೆ, ಹೋಗಿಬರುವ ಆಟೋ, ಎರಡು ಗಂಟೆ ಕಾಯುವುದು. ಒಳಗೆ ಹೋದರೆ ಎರಡು ನಿಮಿಷ. ಅಮ್ಮನ ರಿಪೋರ್ಟುಗಳಿಗೆ ನಾನೊಂದು ಫೈಲು ಮಾಡಿದ್ದೆ. ಶಾಲೆಯ ದಾಖಲೆ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಹೊದಿಕೆ, ಲೇಬಲ್ಲು, ತಾರೀಖಿನ ಪ್ರಕಾರ ಪುಟಗಳು. ಸ್ಪೆಷಲಿಸ್ಟರು ಫೈಲನ್ನು ನೋಡಿ "ವೆರಿ ಗುಡ್" ಅಂದಿದ್ದರು. ನನಗೆ ಮೊದಲ ರ‍್ಯಾಂಕು ಬಂದಷ್ಟು ಹಿಗ್ಗು. ಹನ್ನೆರಡು ವರ್ಷ ಅವರು ಫೈಲು ನೋಡಿದರು, ನಾನೂ ಫೈಲು ನೋಡಿದೆ. ಅಮ್ಮನ ಕಾಲನ್ನು ಯಾರೂ ನೋಡಲಿಲ್ಲ.

2023ರ ಮಳೆಗಾಲ. ಪಕ್ಕದ ಮನೆಯಾಕೆ, "ಬಿ.ಪಿ. ನೋಡಿಸೋಕೆ ಅಷ್ಟು ದೂರ ಯಾಕೆ ಹೋಗ್ತೀರಿ ಮಿಸ್, ಇಲ್ಲೇ ನಮ್ಮ ಕ್ಲಿನಿಕ್ ಇದೆಯಲ್ಲ, ಮಾತ್ರೆಯೂ ಪುಕ್ಕಟೆ" ಅಂದಳು. ನಮ್ಮ ಕ್ಲಿನಿಕ್ ಎಂದರೆ 2022ರ ಡಿಸೆಂಬರಿನಿಂದ ರಾಜ್ಯ ಸರ್ಕಾರ ಊರೂರಿನ ವಾರ್ಡುಗಳಲ್ಲಿ ತೆರೆದ ಚಿಕ್ಕ ಆಸ್ಪತ್ರೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಸಹಾಯಕರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ. ಪುಕ್ಕಟೆ ಎಂಬ ಮಾತಿಗೆ ನನ್ನ ಮೂಗು ಮುರಿಯಿತು. ಅಮ್ಮನಿಗೆ ಮಾತ್ರ ಆಸೆಯಾಯಿತು. ಭಾನುವಾರದ ಬಟ್ಟೆ ಒಗೆಯುವಂತೆ ಒಲ್ಲದ ಮನಸ್ಸಿನಿಂದ ಕರೆದುಕೊಂಡು ಹೋದೆ.

ಸಿಸ್ಟರ್ ಮೂವತ್ತರ ಹತ್ತಿರದ ಹುಡುಗಿ. ಬಾಗಲಕೋಟೆ ಕಡೆಯವಳೆಂದು ಮೊದಲ ಮಾತಿಗೇ ತಿಳಿಯಿತು. ಅಮ್ಮನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಬರೆದುಕೊಂಡು, "ಶುಗರ್ ಬಂದು ಎಷ್ಟು ವರ್ಷ ಆತ್ರಿ?" ಅಂದಳು. "ಹನ್ನೆರಡು" ಅಂದೆ ನಾನು, ಫೈಲು ಮುಂದೆ ಚಾಚುತ್ತಾ. ಆಕೆ ಫೈಲನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ತೆರೆಯಲಿಲ್ಲ. "ಚಪ್ಪಲಿ ಬಿಡ್ರಿ ಯವ್ವಾ, ಕಾಲು ನೋಡೂಣು" ಅಂದಳು.

ಅಮ್ಮನಿಗೆ ಸಂಕೋಚ. ಬೇರೆಯವರ ಮನೆ ಹೆಣ್ಣುಮಗಳ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳುವುದೇ? ಸೀರೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಸಿಸ್ಟರ್ ಸ್ಟೂಲನ್ನು ಎಳೆದುಕೊಂಡು ಎದುರಿಗೆ ಕೂತು ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಕಣ್ಣು ಮುಚ್ರಿ. ನಾ ಎಲ್ಲಿ ಮುಟ್ಟತೀನಿ ಹೇಳ್ರಿ." ಹೆಬ್ಬೆರಳು ಮುಟ್ಟಿದಳು. ಕಿರುಬೆರಳು ಮುಟ್ಟಿದಳು. ಅಮ್ಮ ಸುಮ್ಮನಿದ್ದರು, ಪಾಠ ಓದಿಕೊಂಡು ಬಾರದ ಮಗು ನಿಲ್ಲುವ ಹಾಗೆ. ಆಮೇಲೆ, "ಮುಟ್ಟಮ್ಮಾ, ಯಾಕೆ ಇನ್ನೂ ಮುಟ್ಟಲಿಲ್ಲ?" ಅಂದರು.

ನನ್ನ ಎದೆ ಧಸಕ್ಕೆಂದಿತು. ಸಿಸ್ಟರ್ ಪಾದವನ್ನು ಎತ್ತಿ ಅಡಿಭಾಗ ನೋಡಿದಳು. ಕಿರುಬೆರಳಿನ ಬುಡದಲ್ಲಿ ನಾಲ್ಕಾಣೆ ಅಗಲದ ಹುಣ್ಣು, ಸುತ್ತ ಕಪ್ಪು. ನಮ್ಮದೇ ಮನೆಯಲ್ಲಿ, ದಿನಾ ನಾನು ಊಟ ಬಡಿಸುವ ತಾಯಿಯ ಅಂಗಾಲಿನಲ್ಲಿ! ಅವಳು ಚಪ್ಪಲಿಯನ್ನೂ ತಿರುಗಿಸಿ ನೋಡಿದಳು. ಅಟ್ಟೆಯಲ್ಲಿ ಬಳೆಯ ಚೂರೊಂದು ನಾಟಿಕೊಂಡು ಮೇಲಕ್ಕೆ ಮೊನೆ ಮಾಡಿತ್ತು. ಎಷ್ಟು ದಿನಗಳಿಂದ ಅದರ ಮೇಲೆ ನಡೆದಿದ್ದರೋ. ನೋವು ಗೊತ್ತಾಗಿದ್ದರೆ ತಾನೆ? ಹಳೆಯ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮೊದಲು ಮಂದ ಮಾಡುತ್ತದೆ. ನೋವೆಂಬ ಕಾವಲುಗಾರನೇ ಮಲಗಿದ ಮೇಲೆ ಗಾಯ ಸದ್ದಿಲ್ಲದೆ ಒಳಗೆ ನುಗ್ಗುತ್ತದೆ. ಇದನ್ನೆಲ್ಲ ನನಗೆ ಹೇಳಿದವಳು ಆ ಹುಡುಗಿ, ಹತ್ತು ನಿಮಿಷದಲ್ಲಿ, ಬೈಯದೆ.

ಡಾಕ್ಟರಮ್ಮ ನೋಡಿ ಅಂದೇ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಒಂದು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೂ ಕೆಲವು ವಾರ ತಡವಾಗಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತಿತ್ತು ಎಂದರು ಸರ್ಜನ್ನರು.

ಮನೆಗೆ ಬಂದ ಮೇಲೆ ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ನಮ್ಮ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಆಗ ನನಗೆ ಸಿಸ್ಟರಳ ಜತೆ ಮಾತು ಬೆಳೆಯಿತು. ರಾತ್ರಿ ಕೈಗನ್ನಡಿ ಹಿಡಿದು ಅಂಗಾಲು ನೋಡುವುದು, ಬೆರಳ ಸಂದಿಯಲ್ಲಿ ನೀರು ಉಳಿಸದೆ ಒರೆಸುವುದು, ಚಪ್ಪಲಿ ಮೆಟ್ಟುವ ಮುಂಚೆ ಕೊಡವುವುದು, ಬರಿಗಾಲಲ್ಲಿ ದೇವಸ್ಥಾನ ಸುತ್ತದಿರುವುದು (ಇದಕ್ಕೆ ಅಮ್ಮನನ್ನು ಒಪ್ಪಿಸಲು ಆರು ವಾರ ಬೇಕಾಯಿತು) ಎಲ್ಲ ಅವಳೇ ಕಲಿಸಿದ್ದು. ಒಂದು ದಿನ ನಾನು ಕೇಳಿದೆ: "ಇಷ್ಟೆಲ್ಲ ಗೊತ್ತಲ್ಲಮ್ಮ, ಮಾತ್ರೆಯನ್ನೂ ನೀನೇ ಬರೆಯಬಹುದಲ್ಲ?" ಅವಳು ನಕ್ಕಳು. "ಬರಿಯೂ ಹಂಗಿಲ್ರಿ ಮೇಡಂ. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದೀನಿ ಖರೆ. ಆದ್ರ ಇಲ್ಲಿ ನನ್ನ ಸಹಿ ನಡಿಯಂಗಿಲ್ಲ. ನನ್ನ ಗೆಳತಿ ಹಳ್ಳ್ಯಾಗ ಇದ್ದಾಳ, ಆಕಿ ಕೊಡತಾಳ."

ಅದು ನಿಜವೇ. ನಮ್ಮ ಮಾಗಡಿ ರಸ್ತೆಯನ್ನೇ ಹಿಡಿದು ಹೋದರೆ ನನ್ನ ನಾದಿನಿಯ ಊರು. ಅಲ್ಲಿನ ಉಪಕೇಂದ್ರದಲ್ಲಿ ಒಬ್ಬಳು ಸಮುದಾಯ ಆರೋಗ್ಯಾಧಿಕಾರಿ ಇದ್ದಾಳೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಂದ ಹುದ್ದೆ ಇದು. ನರ್ಸಿಂಗ್ ಓದಿದವರು ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದು, ಇಲ್ಲವೇ ಆ ಪಾಠವನ್ನು ಪದವಿಯ ಜತೆಗೇ ಓದಿ, ಉಪಕೇಂದ್ರಕ್ಕೆ ಬರುತ್ತಾರೆ. ಮೊದಲ ಸಲ ಡಾಕ್ಟರು ಬರೆದುಕೊಟ್ಟ ಬಿ.ಪಿ., ಶುಗರ್ ಮಾತ್ರೆಗಳನ್ನು ತಿಂಗಳು ತಿಂಗಳೂ ಪರೀಕ್ಷೆ ಮಾಡಿ ಇವರೇ ಕೊಡಬಹುದು. ಅನುಮಾನ ಬಂದರೆ ಇ-ಸಂಜೀವಿನಿ ಎಂಬ ವ್ಯವಸ್ಥೆಯಲ್ಲಿ ಡಾಕ್ಟರನ್ನು ಪರದೆಯ ಮೇಲೆ ಕರೆದು ಕೇಳಬಹುದು. ಪಟ್ಟಣದ ಕೇಂದ್ರಗಳಲ್ಲಿ ಡಾಕ್ಟರು ಇರುತ್ತಾರೆಂದು ಈ ಹುದ್ದೆಯನ್ನೇ ಇಟ್ಟಿಲ್ಲ. ನಾದಿನಿ ನನಗಿಂತ ಕಡಿಮೆ ಓದಿದವಳು, ಫೈಲು ಗೀಲು ಇಟ್ಟವಳಲ್ಲ. ಅವಳ ಪಾದವನ್ನು ವರ್ಷಕ್ಕೊಮ್ಮೆ ನೋಡುವವರು ಹಳ್ಳಿಯಲ್ಲಿದ್ದರು!

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಚಿಕ್ಕಮ್ಮ, ನಾವು ನಾಲ್ಕು ವರ್ಷದಿಂದ ತೋರಿಸ್ತಿರೋದು ನರ್ಸ್ ಪ್ರಾಕ್ಟೀಷನರ್ ಹತ್ತಿರಾನೇ. ಮಗುವಿನ ಕಿವಿನೋವಿಗೂ ಅವರೇ, ನನ್ನ ಥೈರಾಯ್ಡಿಗೂ ಅವರೇ" ಅಂದಳು. ಅಲ್ಲಿ ಈ ಪದ್ಧತಿ ಶುರುವಾದದ್ದು 1965ರಲ್ಲಿ. ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸು, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜತೆ ಸೇರಿ ನರ್ಸುಗಳಿಗೆ ಮಕ್ಕಳನ್ನು ಪರೀಕ್ಷಿಸುವ ತರಬೇತಿ ಆರಂಭಿಸಿದರು. ಆಕೆ 2025ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು ನೂರನಾಲ್ಕು. ಅದೇ 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ನೌಕಾಪಡೆಯಿಂದ ಬಂದ ನಾಲ್ಕು ಜನ ಆರೋಗ್ಯ ಸಹಾಯಕರನ್ನು ಕೂರಿಸಿಕೊಂಡು ವೈದ್ಯ ಸಹಾಯಕರ ಮೊದಲ ತರಗತಿ ನಡೆಸಿದರು. ಇವರು ರೋಗ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ. ಕೆಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರುಗಳು ಸ್ವತಂತ್ರವಾಗಿ, ಕೆಲವು ಕಡೆ ಡಾಕ್ಟರರ ಜತೆ ಒಪ್ಪಂದದಲ್ಲಿ. ನಮ್ಮಲ್ಲೂ 1992ರಲ್ಲಿ ಮದರಾಸಿನಲ್ಲಿ ಹೃದಯ ಶಸ್ತ್ರವೈದ್ಯ ಡಾ. ಕೆ.ಎಂ. ಚೆರಿಯನ್ ವೈದ್ಯ ಸಹಾಯಕರ ತರಬೇತಿ ತೆಗೆದರು. ಅಲ್ಲಿ ಕಲಿತವರು ಹೆಚ್ಚಾಗಿ ಸೇರಿದ್ದು ದೊಡ್ಡ ಆಸ್ಪತ್ರೆಗಳನ್ನೇ. ಬಿನ್ನಿಪೇಟೆಯಂಥ ಬಡಾವಣೆಗೆ ಯಾರು ಬರುತ್ತಾರೆ?

ಇಷ್ಟು ಕೇಳಿದ ಮೇಲೂ ನನ್ನೊಳಗೆ ಅಪ್ಪನ ಮಾತು ಸುಮ್ಮನಿರಲಿಲ್ಲ. ನಾಳೆ ಸರ್ಕಾರ 'ಡಾಕ್ಟರಿಲ್ಲದಿದ್ದರೇನು, ಇವರೇ ಸಾಕು' ಎಂದು ಕೈ ತೊಳೆದುಕೊಂಡರೆ? ಬಡವರಿಗೆ ಅರೆ ಡಾಕ್ಟರು, ಉಳ್ಳವರಿಗೆ ಪೂರಾ ಡಾಕ್ಟರು ಎಂದಾದರೆ? 1946ರ ಭೋರ್ ಸಮಿತಿ ಇದೇ ಯೋಚನೆಯಿಂದ ಆಗಿನ ಎಲ್.ಎಂ.ಪಿ. ಎಂಬ ಚಿಕ್ಕ ಕೋರ್ಸು ಬೇಡ, ಎಲ್ಲರಿಗೂ ಒಂದೇ ತರದ ಡಾಕ್ಟರು ಬೇಕು ಎಂದಿತು. ಆಗ ದೇಶದಲ್ಲಿದ್ದ ಡಾಕ್ಟರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಲ್.ಎಂ.ಪಿ.ಗಳೇ. ಆಸೆ ದೊಡ್ಡದು, ಆದರೆ ಪೂರಾ ಡಾಕ್ಟರು ಹಳ್ಳಿಗೆ ಹೋಗಲಿಲ್ಲ, ಕಾಂಪೌಂಡರು ಮೇಜು ಹಾಕಿಕೊಂಡರು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ಸಮುದಾಯ ಆರೋಗ್ಯ ಸೇವಾದಾರರಿಗೆ ಮಿತವಾದ ಪರವಾನಗಿ ಕೊಡಬಹುದೆಂದಾಗ ವೈದ್ಯರ ಸಂಘ ಮುಷ್ಕರ ಹೂಡಿತ್ತು. ಆವತ್ತು ಸ್ಟಾಫ್ ರೂಮಿನಲ್ಲಿ ನಾನೂ ವೈದ್ಯರ ಪರವಾಗಿಯೇ ಗಟ್ಟಿಯಾಗಿ ಮಾತಾಡಿದ್ದೆ.

ಛತ್ತೀಸ್‌ಗಢದ ಅನುಭವ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ಅಲ್ಲಿ 2001ರಲ್ಲಿ ಹಳ್ಳಿಗಳಿಗಾಗಿಯೇ ಮೂರು ವರ್ಷದ ವೈದ್ಯಕೀಯ ಕೋರ್ಸು ತೆಗೆದರು. ವಿರೋಧ ಬಂದು ಅದು ನಿಂತಿತು, ಓದಿ ಹೊರಬಂದವರು ಮಾತ್ರ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಸಹಾಯಕರಾಗಿ ಹೋದರು. ಆಮೇಲೆ ತಜ್ಞರು ಹೋಲಿಸಿ ನೋಡಿದಾಗ, ದಿನನಿತ್ಯದ ಕಾಯಿಲೆಗಳಲ್ಲಿ ಅವರ ತಿಳಿವಳಿಕೆ ಎಂ.ಬಿ.ಬಿ.ಎಸ್. ಡಾಕ್ಟರರಿಗೆ ಸಮನಾಗಿತ್ತು. ಆದರೆ ಇದಕ್ಕೆಂದೇ ತರಬೇತಿ ಇಲ್ಲದೆ, ಡಾಕ್ಟರಿಲ್ಲವೆಂದು ರೋಗಿಗಳನ್ನು ನೋಡಬೇಕಾಗಿ ಬಂದ ಇತರ ಸಿಬ್ಬಂದಿ ಎಲ್ಲರಿಗಿಂತ ಹಿಂದಿದ್ದರು. ನಮ್ಮ ಕಾಂಪೌಂಡರಿಗೂ ಈ ಹುಡುಗಿಗೂ ಇರುವ ಅಂತರ ನನಗೆ ಅಲ್ಲಿ ಕಂಡಿತು. ಅವರಿಗೆ ಮನಸ್ಸಿತ್ತು, ಸೂಜಿ ಎಲ್ಲಿ ಚುಚ್ಚಬಾರದೆಂದು ಕಲಿಸಿದವರಿರಲಿಲ್ಲ, ತಪ್ಪಿದರೆ ಕೇಳಲು ಮೇಲೊಬ್ಬ ಡಾಕ್ಟರಿರಲಿಲ್ಲ.

ನಮ್ಮ ಶಾಲೆಯನ್ನೇ ನೋಡಿ. ಮಗುವಿಗೆ ಬೋರ್ಡು ಕಾಣುತ್ತಿಲ್ಲವೆಂದು ಮೊದಲು ಗೊತ್ತಾಗುವುದು ಕ್ಲಾಸ್ ಟೀಚರಿಗೆ. ಅವಳಿಗೆ ಮುಂದಿನ ಬೆಂಚಿಗೆ ಕೂರಿಸಲೂ ಹೆಡ್‌ಮಾಸ್ಟರರ ಸಹಿ ಬೇಕು ಅಂದರೆ ಹೇಗೆ? 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ನೋಡಬೇಕಾದ ಪಾದಗಳು 20 ಕೋಟಿ ಎಂದಾಯಿತು. ಎಷ್ಟು ಸ್ಪೆಷಲಿಸ್ಟರು ಸ್ಟೂಲ್ ಎಳೆದುಕೊಂಡು ಕೂರಬಲ್ಲರು? ಬಲ್ಲ ಈ ಹುಡುಗಿಯದೋ ಗುತ್ತಿಗೆ ನೌಕರಿ. "ಪರ್ಮನೆಂಟ್ ಅಲ್ರಿ ಮೇಡಂ, ವರ್ಷಾ ವರ್ಷಾ ಬರೀಬೇಕು" ಅಂದಿದ್ದಳು, ಅಮ್ಮನ ಬ್ಯಾಂಡೇಜ್ ಸುತ್ತುತ್ತಲೇ.

ಕಳೆದ ವರ್ಷ ಅವಳು ಹೊರಟಳು. ತನ್ನ ಊರಿನ ಹತ್ತಿರದ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯಾಧಿಕಾರಿಯಾಗಿ. ಅದೂ ಗುತ್ತಿಗೆಯೇ. "ಅಲ್ಲಿ ಗುಳಿಗಿ ನಾನೇ ಕೊಡಬಹುದ್ರಿ" ಅಂದಾಗ ಅವಳ ಮುಖ ನೋಡಬೇಕಿತ್ತು. ಅಮ್ಮ ಅರಿಶಿನ ಕುಂಕುಮದ ಜತೆ ಒಂದು ರವಿಕೆ ಬಟ್ಟೆ ಕೊಟ್ಟು, ಬೇಡವೆಂದರೂ ಕೇಳದೆ ಅವಳ ಸೆರಗಿಲ್ಲದ ಯೂನಿಫಾರಂ ಮೇಲೆಯೇ ಮಡಿಲು ತುಂಬಿದರು.

ಮುಂದಿನ ವಾರ ಹೋದಾಗ ಹೊಸ ಸಿಸ್ಟರ್ ಕೂತಿದ್ದಳು, ತುಮಕೂರು ಕಡೆಯವಳು. ಬಿ.ಪಿ. ಪಟ್ಟಿಯನ್ನು ಕೈಗೆತ್ತಿಕೊಂಡು "ಬನ್ನಿ ಅಜ್ಜಿ, ತೋಳು ಕೊಡಿ" ಅಂದಳು. ಅಮ್ಮ ತೋಳು ಕೊಡಲಿಲ್ಲ. ಸ್ಟೂಲಿನ ಮೇಲೆ ಸರಿಯಾಗಿ ಕೂತು, ಸೀರೆಯನ್ನು ಗಿಣ್ಣಿನವರೆಗೆ ಎತ್ತಿ, ಎರಡೂ ಚಪ್ಪಲಿಗಳನ್ನು ಬಿಟ್ಟರು.