ತಿರುವೈಯಾರಿಗೆ ಬುತ್ತಿ ಕಟ್ಟುವ ಮುನ್ನ

ತಂಜಾವೂರಿಗೆ ಸಮೀಪ, ಕಾವೇರಿ ದಂಡೆಯ ಮೇಲಿದೆ ತಿರುವೈಯಾರು. ಪುಷ್ಯ ಬಹುಳ ಪಂಚಮಿ ಅಲ್ಲಿ ತ್ಯಾಗರಾಜರ ಆರಾಧನೆ. ಅದರ ಆಸುಪಾಸಿನ ನಾಲ್ಕೈದು ದಿನ ಚಪ್ಪರದಡಿ ಹಾಡುಗಾರಿಕೆಯೋ ಹಾಡುಗಾರಿಕೆ. ಊರು ಚಿಕ್ಕದು, ಜನ ಬಹಳ. ಛತ್ರದಲ್ಲೋ ಬಾಡಿಗೆ ಕೋಣೆಯಲ್ಲೋ ಚಾಪೆ ಹಾಸಿ ಇಳಿದುಕೊಳ್ಳುವವರು ಊಟ ತಿಂಡಿಯ ಯೋಚನೆಯನ್ನು ಮನೆಯಲ್ಲೇ ಮುಗಿಸಿ ಹೊರಡುವುದು ಜಾಣತನ.

ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ, ಮೊಸರನ್ನ. ಅನ್ನಕ್ಕೆ ಹಾಲು ಹಾಕಿ ಕಲಸಿ, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ, ಮಧ್ಯಾಹ್ನಕ್ಕೆ ಹದವಾಗಿರುತ್ತೆ. ಮುಂದಿನ ದಿನಗಳಿಗೆ ಎಣ್ಣೆ ತೇಲುವಂತೆ ಕುದಿಸಿದ ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಬೆಲ್ಲ, ಗೊಜ್ಜವಲಕ್ಕಿಯ ಪುಡಿ. ಮಕ್ಕಳ ಬಾಯಾಡಿಸಲು ಕೋಡುಬಳೆ, ಹುರಿಗಡಲೆ. ಹಸಿ ಕಾಯಿತುರಿ ಮಾತ್ರ ಯಾವುದಕ್ಕೂ ಬೇಡಿ, ಬೇಗ ಹಳಸುತ್ತೆ.

ಪಂಚಮಿಯ ಬೆಳಗ್ಗೆ ಒಲೆ ಹೊತ್ತಿಸಲೇಬೇಡಿ. ಅಂದು ನೂರಾರು ಮಂದಿ ಒಟ್ಟಿಗೆ ಕೂತು ಐದು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ, ನಾಟದಿಂದ ಶ್ರೀರಾಗದವರೆಗೆ. ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರಿಗೇ ಒಂದು ಕಾಲದಲ್ಲಿ ಅಲ್ಲಿ ಹಾಡುವ ಅವಕಾಶವಿರಲಿಲ್ಲ. 1927ರಲ್ಲಿ ಅವರು ಹೆಂಗಸರದೇ ಬೇರೆ ಆರಾಧನೆ ನಡೆಸಿದರು. 1940ರ ಸುಮಾರಿಗೆ ಪಂಗಡಗಳೆಲ್ಲ ಒಂದಾಗಿ, ಹೆಂಗಸರೂ ಗಂಡಸರ ಜೊತೆ ಹಾಡುವಂತಾಯಿತು. ಆಕೆ ಅಷ್ಟು ಪಟ್ಟು ಹಿಡಿದು ದೊರಕಿಸಿದ ಜಾಗ ಕಣ್ರೀ ಅದು! ನಾವು ಕೋಣೆಯಲ್ಲಿ ಉಪ್ಪಿಟ್ಟು ತಿರುವುತ್ತಾ ನಿಂತರೆ ಹೇಗೆ?

ಗೊಜ್ಜವಲಕ್ಕಿಗೆ ಬೆಂಕಿ ಬೇಡ, ಕಾಯಿಸಿ ಆರಿಸಿದ ನೀರು ಸಾಕು. ಬೆಳಗ್ಗೆ ಎದ್ದೊಡನೆ ನೆನೆಸಿ, ಮನೆಮಂದಿಗೆಲ್ಲ ಬಡಿಸಿ, ನೀವೂ ಹೊಟ್ಟೆ ತುಂಬ ತಿಂದು, ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂರಿ.