ಗಡ್ಡೆಯ ಕಲ್ಲು, ಕಲ್ಲಿನ ಬದುಕು

ನಮ್ಮ ಚಚಡಿಯದು ಎರೆಭೂಮಿ. ಹುಡುಗರಿಗೆ ಹತ್ತಲು ದೇಸಾಯರ ವಾಡೆಯ ಗೋಡೆ ಬಿಟ್ಟರೆ ದೂರದ ಸವದತ್ತಿ ಗುಡ್ಡ. ಸಮುದ್ರ ಬೇಕೆಂದರೆ ನವಿಲುತೀರ್ಥದ ಹಿನ್ನೀರು. 37 ಟಿಎಂಸಿ ದಾಟಿ ನೀರು ಹಿಡಿಯುವ ರೇಣುಕಾಸಾಗರ ತುಂಬಿ ತೆರೆ ಹೊಡೆಯುವಾಗ ನಮ್ಮ ಮಂದಿ ಅರಬ್ಬೀ ಸಮುದ್ರದ ಗೊಡವೆಗೇ ಹೋಗುವುದಿಲ್ಲ. ಸವದತ್ತಿ ಗುಡ್ಡದ ಕಲ್ಲೋ, ಪದರು ಪದರಾಗಿ ಬಿರಿದದ್ದು. ಹಿಡಿದ ಅಂಚು ಕೈಯಲ್ಲೇ ಕಿತ್ತು ಬರಬಹುದು. ಹಾಗಾಗಿ ಧಾರವಾಡದಲ್ಲಿ ಓದುವಾಗ ಗಂಟುಬಿದ್ದ ಗೆಳೆಯರು ‘ಕಲ್ಲು ಹತ್ತೋಣ ಬಾ’ ಎಂದು ಹೊರಡಿಸಿದ್ದು ಹಂಪಿಯ ಆಚೆ ದಂಡೆಗೆ, ವಿರುಪಾಪುರ ಗಡ್ಡೆಗೆ.

“ಕಲ್ಲ ಹತ್ತಾಕ ಅಲ್ಲಿತನಾ ಯಾಕ ಹೊಕ್ಕೀರೋ ತಮ್ಮಾ? ಯಲ್ಲಮ್ಮನ ಗುಡ್ಡ ಇಲ್ಲೇ ಐತೆಲಾ” ಎಂದಿದ್ದಳು ನಮ್ಮ ಅತ್ತಿ. ಅಲ್ಲಿ ಮೆಟ್ಟಿಲು ಅದಾವಬೇ ಎಂದರೆ, ಮೆಟ್ಟಿಲು ಇರೂದು ಬಿಟ್ಟು ಇಲ್ಲದ ಕಡೆ ಹತ್ತೂದು ಎಂಥಾ ಶ್ಯಾಣ್ಯಾತನ ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಅದು 2000ದ ದಶಕದ ಮೊದಲ ವರ್ಷಗಳು. ಶನಿವಾರ ನಸುಕಿನಲ್ಲೇ ಹುಬ್ಬಳ್ಳಿ ಬಿಟ್ಟು ಗದಗ, ಕೊಪ್ಪಳ ದಾಟಿ, ಮುನಿರಾಬಾದಿನ ಹತ್ತಿರ ಎಡಕ್ಕೆ ಹೊರಳಿದರೆ ಹುಲಿಗಿ, ಸಾಣಾಪುರ, ಆಮೇಲೆ ಗಡ್ಡೆ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಕಾಲುವೆ ನೀರಿನ ಭತ್ತದ ಗದ್ದೆ, ಅದರ ಬೆನ್ನಿಗೆ ಹತ್ತಿದಂತೆ ಕಣ್ಣು ಹಾಯುವತನಕ ಗುಂಡುಕಲ್ಲು. ಅಮೆರಿಕದ ಹೆಸರಾಂತ ಕ್ಲೈಂಬರ್ ಕ್ರಿಸ್ ಶರ್ಮಾ ಆಗಷ್ಟೇ ಬಂದು ಹೋಗಿದ್ದ. ಅವನ ಆ ಪ್ರವಾಸದ ಚಿತ್ರ ‘ಪಿಲ್‌ಗ್ರಿಮೇಜ್’ ನೋಡಿದವರು ಯುರೋಪಿನಿಂದ, ಇಸ್ರೇಲಿನಿಂದ ಚಳಿಗಾಲಕ್ಕೆ ಸರಿಯಾಗಿ ಇಳಿಯುತ್ತಿದ್ದರು. ಗೋವಾ, ಗೋಕರ್ಣ, ಹಂಪಿ, ಇದು ಅವರ ಸುತ್ತು.

ಗುಂಡುಕಲ್ಲು ಹತ್ತುವ ಬೋಲ್ಡರಿಂಗ್‌ಗೆ ಹಗ್ಗ ಬೇಡ. ಹತ್ತುವುದು ಎರಡಾಳು ಎತ್ತರ, ಬಹಳವಾದರೆ ಮೂರಾಳು. ಬಿಗಿ ರಬ್ಬರ್ ಬೂಟು, ಸೊಂಟಕ್ಕೆ ಬಿಳಿ ಪುಡಿಯ ಚೀಲ, ನೆಲಕ್ಕೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಫೋಮಿನ ಹಾಸಿಗೆ, ಬೀಳುವವನ ಬೆನ್ನಿಗೆ ಕೈ ಒಡ್ಡಲು ಒಬ್ಬ ಗೆಳೆಯ. ಪುಡಿ ಬೆವರು ಹೀರುತ್ತದೆ, ಅಷ್ಟೇ, ಹಿಡಿತ ನಿಮ್ಮದೇ. ಹಂಪಿಯ ಗ್ರಾನೈಟು ಇನ್ನೂರೈವತ್ತು ಕೋಟಿ ವರ್ಷದ ಮುದುಕ, ಆದರೂ ಮೈಮೇಲಿನ ಹರಳು ಮೊಂಡಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಕೆಂಪಗಾಗಿ, ಚಹಾದ ಗ್ಲಾಸು ಮುಟ್ಟಿದರೂ ಚುರ್ ಅನ್ನುತ್ತಿತ್ತು. ಬಿಸಿಲೇರಿದ ಮೇಲೆ ಕಲ್ಲು ಕಾದು ಕೈ ನಿಲ್ಲುವುದಿಲ್ಲ. ಹತ್ತುವುದೇನಿದ್ದರೂ ಬೆಳಗ್ಗೆ ಒಂಬತ್ತರೊಳಗೆ, ಮತ್ತೆ ಸಂಜೆ ನಾಲ್ಕರ ಮೇಲೆ.

ಒಂದು ಸಂಜೆ ನಮ್ಮ ಗುಂಪಿನವರೆಲ್ಲ ಒಂದು ಗುಂಡಿನ ಕೆಳಗೆ ಸರದಿಯ ಮೇಲೆ ಬೀಳುತ್ತಿದ್ದೆವು. ಎಡಗಾಲನ್ನು ಉಗುರಿನಷ್ಟು ಉಬ್ಬಿನ ಮೇಲೆ ಊರಿ, ಬಲಗೈ ಮೇಲಂಚಿಗೆ ಎಸೆಯಬೇಕು. ಕೈ ಸಿಕ್ಕರೂ ಅಂಚಿನ ಮೇಲೆ ಮೈ ಎಳೆದುಕೊಳ್ಳಲು ಬರುತ್ತಿರಲಿಲ್ಲ. ಆಡು ಮೇಯಿಸುತ್ತಿದ್ದ ಹುಡುಗನೊಬ್ಬ ಚಪ್ಪಲಿಯನ್ನು ಚಡ್ಡಿಯ ಹಿಂದೆ ಸಿಕ್ಕಿಸಿಕೊಂಡು, ಪಕ್ಕದ ಬಿರುಕಿಗೆ ಮೊಣಕೈ ಕೊಟ್ಟು, ಸರಸರ ಮೇಲೆ ಹೋಗಿ ಕುಂತ. ‘ಆಡು ಕಾಣ್ತಾವೇನು ನೋಡಾಕ ಬಂದೆ’ ಅಂದ. ಜರ್ಮನಿಯವನೊಬ್ಬ ಚಪ್ಪಾಳೆ ಹೊಡೆದ.

ಅಂಥ ಹುಡುಗರೇ ಎರಡು ಮೂರು ಚಳಿಗಾಲದಲ್ಲಿ ಕಸುಬುದಾರರಾದರು. ಬೆನ್ನಿಗೆ ಪ್ಯಾಡ್ ಹೊತ್ತು ದಾರಿ ತೋರುವವರು, ದಿನದ ಬಾಡಿಗೆಗೆ ಪ್ಯಾಡ್ ಕೊಡುವವರು, ಹರಿದ ಬೂಟಿಗೆ ರಬ್ಬರ್ ಅಂಟಿಸುವವರು. ಗದ್ದೆಯ ಬದುವಿನ ಮೇಲೆ ತಡಿಕೆ ಗೋಡೆಯ ಕೋಣೆ ಎದ್ದವು. ಜೋಳದ ರೊಟ್ಟಿ ಬಡಿದ ಕೈಗಳು ಹುಮ್ಮಸ್ ಕಲಿತವು, ಊಟದ ಪಟ್ಟಿ ಹೀಬ್ರೂ ಅಕ್ಷರದಲ್ಲಿ ನೇತುಬಿತ್ತು. ಸಂಜೆಯಾದ ಮೇಲೆ ಹೊಳೆ ದಾಟಿಸುವ ದೋಣಿ ನಿಂತುಬಿಡುತ್ತಿತ್ತು, ಹೊಳೆ ಬಂದರೆ ಹರಿಗೋಲೂ ಇಲ್ಲ. ಎದುರಿಗೇ ಕಾಣುವ ವಿರೂಪಾಕ್ಷ ಗುಡಿಗೆ ಊರೂರು ಸುತ್ತಿ ಹೋಗಬೇಕು. ಈ ಅಡ್ಡಿಯೇ ಗಡ್ಡೆಯನ್ನು ಅಷ್ಟು ದಿನ ಹಳ್ಳಿಯಾಗಿ ಉಳಿಸಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಟ್ಟಿದ್ದು ಮಾತ್ರ ಕಾಗದ ಒಪ್ಪುವ ಜಾಗದಲ್ಲಿ ಅಲ್ಲ. 1986ರಲ್ಲಿ ಹಂಪಿ ಯುನೆಸ್ಕೋ ಪಟ್ಟಿ ಸೇರಿತು. 1988ರ ರಾಜ್ಯ ಅಧಿಸೂಚನೆ ಗಡ್ಡೆಯನ್ನೂ ರಕ್ಷಿತ ಪ್ರದೇಶದೊಳಗೆ ತಂದಿತು. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ನೋಟಿಸು, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ವರ್ಷಗಟ್ಟಲೆ ಎಳೆದಾಡಿ, 2020ರ ಫೆಬ್ರುವರಿಯಲ್ಲಿ ತೀರ್ಪು ಪ್ರಾಧಿಕಾರದ ಪರ ಬಂತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಇಳಿದವು.

ನಾವು ಹೋದಾಗ ಒಡೆಯುವುದು ಮುಗಿಯುತ್ತ ಬಂದಿತ್ತು. ತಗಡು, ಹಾಸಿಗೆ, ಫ್ಯಾನು ಟ್ರ್ಯಾಕ್ಟರಿನಲ್ಲಿ ಹೇರುತ್ತಿದ್ದರು. ನಾವು ಯಾವಾಗಲೂ ಇಳಿಯುತ್ತಿದ್ದ ಮನೆಯ ಅಕ್ಕ ಮಾವಿನ ಗಿಡದ ಕೆಳಗೆ ಪ್ಯಾಡುಗಳನ್ನು ಒಟ್ಟಿ, “ಇವನ್ನ ಯಾವ ಸಾಮಾನಿನ ಪಟ್ಟ್ಯಾಗ ಬರೀಲಿ ಅಂತ ಕೇಳಾಕತ್ಯಾರ” ಎಂದು ನಕ್ಕಳು. ಕಾನೂನಿನ ಪ್ರಕಾರ ತೀರ್ಪು ಸರಿಯೇ. ಪರಂಪರೆಯ ಜಾಗದಲ್ಲಿ ಈಜುಕೊಳ ಕಟ್ಟಬಾರದು. ಆದರೆ ಹೊರಗಿನಿಂದ ದುಡ್ಡು ಹೂಡಿದ ರೆಸಾರ್ಟಿಗೂ ಸ್ವಂತ ಹೊಲದಂಚಿಗೆ ಎರಡು ಕೋಣೆ ಎಬ್ಬಿಸಿದವರಿಗೂ ಜೆಸಿಬಿ ಒಂದೇ ತೂಕ ಹಾಕಿತು. ನನ್ನ ತಕರಾರು ಅಷ್ಟಕ್ಕೇ. ಮೂರು ವಾರ ಕಳೆಯುವುದರೊಳಗೆ ಲಾಕ್‌ಡೌನ್ ಬಂತು, ಅಳಲೂ ಯಾರೂ ಎದುರಿಗೆ ಉಳಿಯಲಿಲ್ಲ.

ಕಸುಬು ಸಾಯಲಿಲ್ಲ, ಸರಿಯಿತು. ಸಾಣಾಪುರ, ಆನೆಗೊಂದಿ ಕಡೆ ಹೋಂಸ್ಟೇಗಳು ಹಬ್ಬಿದವು. ಕಡೇಬಾಗಿಲು–ಬುಕ್ಕಸಾಗರ ಸೇತುವೆ ಇರುವುದರಿಂದ ಕಾರುಗಳು ಸಲೀಸಾಗಿ ಬರುತ್ತವೆ. ವಿದೇಶಿಯರ ಜಾಗದಲ್ಲಿ ಈಗ ಬೆಂಗಳೂರು, ಹೈದರಾಬಾದಿನ ಐಟಿ ಹುಡುಗರು ಹುಡುಗಿಯರು. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಖಾಲಿ. 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆ ಬಳಿ ಪ್ರವಾಸಿಗರ ಮೇಲೆ ನಡೆದ ದಾಳಿ, ಅತ್ಯಾಚಾರ, ಕೊಲೆಯ ನಂತರ, ಕತ್ತಲಾದ ಮೇಲೆ ಕಲ್ಲಿನ ಮೇಲೆ ಕುಂತು ಹಾಡುವ ರೂಢಿ ಹೋಯಿತು. ಅದಕ್ಕೂ ಮುಂಚೆ ಅಲ್ಲಿ ರಾತ್ರಿಗೆ ಹೆದರಿದ್ದು ನಮಗೆ ನೆನಪಿಲ್ಲ.

ಒಮ್ಮೆ ಗೋಕರ್ಣದ ಓಂ ಬೀಚಿಗೂ ಬೂಟು ಒಯ್ದಿದ್ದೆವು. ತೆರೆ ಬಡಿಯುವ ಕರಿಗಲ್ಲಿನ ಮೇಲೆ ಚಿಪ್ಪು ಕಚ್ಚಿಕೊಂಡು ಅಂಗೈ ಕೊಯ್ಯುತ್ತದೆ, ಪುಡಿ ಹಚ್ಚಿದ ಗಳಿಗೆಗೇ ಉಪ್ಪುಗಾಳಿಗೆ ಕೈ ಜಿಗುಟಾಗುತ್ತದೆ. ಭರತ ಏರುತ್ತಲೇ ಪ್ಯಾಡ್ ಎತ್ತಿಕೊಂಡು ಓಡಬೇಕು. ಮೀನೂಟ ಹೊಡೆದು ಬಂದೆವು.

ಟೋಕಿಯೋದಿಂದ ಕ್ಲೈಂಬಿಂಗ್ ಒಲಿಂಪಿಕ್ಸಿನಲ್ಲಿದೆ. ನಮ್ಮ ಗೆಳೆಯರ ಮಕ್ಕಳು ಬೆಂಗಳೂರಿನ ಒಳಾಂಗಣ ಗೋಡೆಯ ಪ್ಲಾಸ್ಟಿಕ್ ಹಿಡಿಕೆಗಳ ಮೇಲೆ ಕಲಿತವರು. ಬಣ್ಣ ನೋಡಿ ದಾರಿ, ನಂಬರ್ ನೋಡಿ ಕಷ್ಟ. ಕಳೆದ ಸಂಕ್ರಾಂತಿಗೆ ಅವರನ್ನು ಸಾಣಾಪುರಕ್ಕೆ ಕರೆದೊಯ್ದೆವು. ಆಟೋದಲ್ಲಿ ಪ್ಯಾಡ್ ತಂದವನು ಗಡ್ಡೆಯ ನಮ್ಮ ಹಳೇ ಹುಡುಗ, ಈಗ ಎರಡು ಮಕ್ಕಳ ತಂದೆ. ಗುಂಡಿನ ಕೆಳಗೆ ನಿಂತು ಒಬ್ಬಳು ಕೇಳಿದಳು:

“ಅಂಕಲ್, ಇದರ ಗ್ರೇಡ್ ಎಷ್ಟು?”

“ಇಳದ ಮ್ಯಾಲ ನೀನ ಹೇಳವಾ. ಮೊದಲ ಬೂಟ ಕಟ್ಟು.”