ಅಳಿಸಿದ ಕಾರ್ಡಿನಲ್ಲಿ ಅಜ್ಜಿಯ ಸ್ವರ

ಕೋಟೇಶ್ವರದ ಕೊಡಿ ಹಬ್ಬ. ರಥ ಹೊರಡುವ ಹೊತ್ತಿಗೇ ಕ್ಯಾಮೆರಾದಲ್ಲಿ ಕಾರ್ಡ್ ಫುಲ್. ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಒತ್ತಿಬಿಟ್ಟೆ. ಎರಡು ನಿಮಿಷ ರಥದ ವಿಡಿಯೋ ಮಾಡಿದ ಮೇಲೆ ನೆನಪಾಯ್ತು, ಮಳೆಗಾಲದಲ್ಲಿ ಅಜ್ಜಿ ಜಗಲಿಯಲ್ಲಿ ಕೂತು ಕಥೆ ಹೇಳಿದ್ದ ಮೂರು ವಿಡಿಯೋ ಅದರಲ್ಲೇ ಇದ್ದವು. ದೀಪಾವಳಿಗೆ ಮುಂಚೆ ಅಜ್ಜಿ ತೀರಿಕೊಂಡಿದ್ದರು.

ಗೆಳೆಯನಿಗೆ ಫೋನ್ ಮಾಡಿದೆ. "ಮೊದ್ಲ್ ಕಾರ್ಡ್ ಹೊರ್ಗ್ ತೆಗಿ ಮರಾಯಾ, ಇನ್ನೊಂದ್ ಫೋಟೋನೂ ತೆಗಿಬೇಡ" ಅಂದ.

ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಹೋಗುವುದು ಪುಸ್ತಕದ ಪರಿವಿಡಿಯಷ್ಟೇ. ಮೇಲೆ ಹೊಸತು ಬರೆಯುವವರೆಗೆ ಪುಟಗಳು ಹಾಗೇ ಇರುತ್ತವಂತೆ. ರಾತ್ರಿ ಉಚಿತವಾಗಿ ಸಿಗುವ ಫೋಟೋರೆಕ್ ಸಾಫ್ಟ್‌ವೇರ್ ಹಾಕಿ ಹುಡುಕಿದೆವು. ಸಿಕ್ಕಿದ್ದನ್ನು ಅದೇ ಕಾರ್ಡಿಗಲ್ಲ, ಲ್ಯಾಪ್‌ಟಾಪಿಗೆ ಇಳಿಸಿದೆವು.

ಎರಡು ವಿಡಿಯೋ ಬಂದವು. ಮೊದಲನೆಯದರ ಜಾಗದಲ್ಲಿ ನನ್ನದೇ ರಥ ಕೂತಿತ್ತು. ರಥ ಪ್ರತಿವರ್ಷ ಹೊರಡುತ್ತದೆ, ಆ ಕಥೆ ಮಾತ್ರ ಹೋಯಿತು.

"ಅಜ್ಜಿ ಸ್ವರ ಕೇಣ್" ಎಂದು ಅಮ್ಮ ಮತ್ತೆ ಮತ್ತೆ ಹಾಕಿಸಿಕೊಂಡರು. ಈಗ ಆ ಎರಡೂ ಮೂರು ಕಡೆ ಕಾಪಿಯಾಗಿವೆ. ನೀವೂ ಊರಿಗೆ ಹೋಗಿ ಬಂದ ರಾತ್ರಿಯೇ ಈ ಕೆಲಸ ಮುಗಿಸಿಬಿಡಿ.